ಮಳೆಯಿಲ್ಲದ ರಾತ್ರಿ ಒದ್ದೆಯಾದ ಹಾಸಿಗೆ

ಎರಡು ವರ್ಷಗಳ ಹಿಂದೆ ಡಿಸೆಂಬರ್ ತಿಂಗಳ ಒಂದು ರಾತ್ರಿ, ಕೊಡಗಿನ ಕಕ್ಕಬ್ಬೆಯ ಕಡೆಯಲ್ಲಿರುವ ನಮ್ಮ ಕಾಫಿ ತೋಟದ ಕೆಳಗಿನ ಗದ್ದೆಯ ಅಂಚಿನಲ್ಲಿ, ಆಸ್ಟ್ರೇಲಿಯಾದಿಂದ ಬಂದ, ಸುರುಳಿ ಸುತ್ತಿ ಒಯ್ಯುವ ಹಾಸಿಗೆಯಾದ ಕ್ಯಾನ್ವಾಸಿನ ಸ್ವ್ಯಾಗ್‌ನೊಳಗೆ ನಾನು ಮೊದಲ ಬಾರಿಗೆ ಮಲಗಿದೆ. ಸುಗ್ಗಿಯ ಹಬ್ಬ ಹುತ್ತರಿ ಕಳೆದು ಗದ್ದೆಯ ಕೊಯ್ಲು ಮುಗಿದಿತ್ತು. ಮೋಡದ ಚೂರೂ ಇರಲಿಲ್ಲ. ತಡಿಯಂಡಮೋಳ್ ಬೆಟ್ಟದ ಏಣು ನಕ್ಷತ್ರಗಳ ಬೆಳಕಿನಲ್ಲೇ ಕಾಣುವಷ್ಟು ಆಕಾಶ ತಿಳಿಯಾಗಿತ್ತು. ಚಳಿ ಒಳಗೆ ಬಾರದಿರಲೆಂದು ಎಲ್ಲ ಜಿಪ್‌ಗಳನ್ನೂ ತುದಿಯವರೆಗೆ ಎಳೆದು, ತಲೆಯ ಕಡೆಯ ಮಡಿಕೆಯನ್ನೂ ಮುಚ್ಚಿಕೊಂಡು, ಇಷ್ಟು ಭದ್ರವಾದ ಹಾಸಿಗೆಯನ್ನು ಕಂಡುಹಿಡಿದವರ ಬುದ್ಧಿಯನ್ನು ಮೆಚ್ಚುತ್ತಲೇ ನಿದ್ರೆ ಹೋದೆ. ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ ಹಣೆಯ ಮೇಲೆ ತಣ್ಣನೆಯ ಹನಿಯೊಂದು ಬಿದ್ದು ಎಚ್ಚರವಾಯಿತು. ಕೈ ಎತ್ತಿ ಮುಟ್ಟಿದರೆ ಕ್ಯಾನ್ವಾಸಿನ ಒಳಮೈಯೆಲ್ಲ ಒದ್ದೆಯಾಗಿತ್ತು, ಹೊದ್ದಿದ್ದ ರಜಾಯಿಯ ಮೇಲ್ಭಾಗ ತಣ್ಣಗೆ ಭಾರವಾಗಿತ್ತು. ಬೆಳಕು ಹರಿದ ಮೇಲೆ ಒಳಗಿನ ಫೋಮ್ ಹಾಸಿಗೆಯನ್ನು ಎತ್ತಿ ನೋಡಿದಾಗ, ಅದರ ಅಡಿಯ ಪಿವಿಸಿ ತಳದಲ್ಲಿ ನನ್ನ ಬೆನ್ನಿನ ಆಕಾರಕ್ಕೇ ನೀರು ಪಸರಿಸಿ ನಿಂತಿತ್ತು.

"ಮಳೆಯೇ ಬರಲಿಲ್ಲ, ನೀನು ಹೇಗೋ ನೆನೆದೆ?" ಎಂದು ಕಣದಲ್ಲಿ ಕಾಫಿ ಹರಡುತ್ತಿದ್ದ ಚಿಕ್ಕಪ್ಪ ಕೇಳಿದರು. ನನಗೂ ಉತ್ತರ ತಿಳಿದಿರಲಿಲ್ಲ. ಸ್ವ್ಯಾಗ್ ಸೋರುತ್ತಿದೆಯೆಂದೇ ನಂಬಿ, ಅದನ್ನು ಕಳುಹಿಸಿದ್ದ ಅತ್ತೆಯ ಮಗನಿಗೆ ಸಿಟ್ಟಿನಲ್ಲೊಂದು ಸಂದೇಶ ಬರೆದೆ. ಪರ್ತ್‌ನಲ್ಲಿ ಕೆಲಸದಲ್ಲಿರುವ ಅವನು ಅಲ್ಲಿಂದಲೇ ನಕ್ಕು, "ಅಣ್ಣಾ, ಅದು ಸೋರಿದ್ದಲ್ಲ, ನಿನ್ನ ಉಸಿರು" ಎಂದು ಉತ್ತರಿಸಿದ. ಆ ಮಾತನ್ನು ಪೂರ್ತಿಯಾಗಿ ಅರ್ಥ ಮಾಡಿಕೊಳ್ಳಲು ನನಗೆ ಸುಮಾರು ಇಪ್ಪತ್ತು ರಾತ್ರಿಗಳು ಬೇಕಾದವು. ಆ ರಾತ್ರಿಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸ್ವ್ಯಾಗ್ ಎಂಬುದು ನಮ್ಮವರಿಗೆ ಅಷ್ಟಾಗಿ ಪರಿಚಯವಿಲ್ಲದ ವಸ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಕೂಲಿ ಅರಸುತ್ತ ಊರಿಂದೂರಿಗೆ ನಡೆಯುತ್ತಿದ್ದವರು ತಮ್ಮ ಕಂಬಳಿಯನ್ನೂ ಬಟ್ಟೆಬರೆಗಳನ್ನೂ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಕಟ್ಟೇ ಅದರ ಮೂಲ. ಈಗಿನ ಸ್ವ್ಯಾಗ್ ಎಂದರೆ ದಪ್ಪ ಕ್ಯಾನ್ವಾಸಿನ ಮೇಲ್ಹೊದಿಕೆ, ನೀರು ಒಸರದ ಪಿವಿಸಿಯ ತಳ, ಇವೆರಡರ ನಡುವೆ ಒಂದು ಫೋಮ್ ಹಾಸಿಗೆ, ತಲೆ ಮತ್ತು ಕಾಲಿನ ಕಡೆ ಕ್ಯಾನ್ವಾಸನ್ನು ಎತ್ತಿ ಹಿಡಿಯುವ ಬಿಲ್ಲಿನಂಥ ಕಡ್ಡಿಗಳು, ಸೊಳ್ಳೆಗಳಿಗಾಗಿ ಒಂದು ಬಲೆ. ಡೇರೆಯಂತೆ ಅದರಲ್ಲಿ ಕುಳಿತುಕೊಳ್ಳಲು ಎಡೆಯಿಲ್ಲ, ಮಲಗುವುದಷ್ಟೇ. ಹತ್ತು ಕಿಲೋ ತೂಗುವ ಈ ಸುರುಳಿಯನ್ನು ಹೊತ್ತು ಬೆಟ್ಟ ಹತ್ತುವ ಮಾತಿಲ್ಲ. ಜೀಪಿನ ಹಿಂದೆ ಹಾಕಿಕೊಂಡು ಹೋಗುವಂಥದ್ದು. ಒಣ ಹವೆಯ ಆ ವಿಶಾಲ ಬಯಲಿನಲ್ಲಿ ಹುಟ್ಟಿದ ಹಾಸಿಗೆಯನ್ನು ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಮಡಿಕೇರಿಯ ಕಡೆಗೆ ತಂದರೆ ಅದು ಹೊಸದೊಂದು ವಿದ್ಯೆ ಕಲಿಯಬೇಕಾಗುತ್ತದೆ, ಅಥವಾ ಅದರೊಳಗೆ ಮಲಗುವವನು ಕಲಿಯಬೇಕಾಗುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ಮನುಷ್ಯ ಬೆವರದೆ ಸುಮ್ಮನೆ ಮಲಗಿದ್ದರೂ ಉಸಿರಿನಿಂದಲೂ ಚರ್ಮದಿಂದಲೂ ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರನ್ನು ಆವಿಯಾಗಿ ಬಿಡುತ್ತಾನೆ. ಎಂಟು ಗಂಟೆಯ ನಿದ್ರೆಗೆ ಅದು ಕಾಲು ಲೀಟರನ್ನು ಮೀರುತ್ತದೆ. ಇನ್ನೊಂದೆಡೆ, 20 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 17 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, 10 ಡಿಗ್ರಿಗೆ ಇಳಿದರೆ 9 ಗ್ರಾಂ ಮಾತ್ರ. ಒಬ್ಬರು ಮಲಗುವ ಸ್ವ್ಯಾಗ್‌ನೊಳಗೆ ಒಂದು ಘನ ಮೀಟರ್ ಗಾಳಿಯೂ ಇರುವುದಿಲ್ಲ. ಗಂಟೆಗೆ ಮೂವತ್ತು ಗ್ರಾಂಗಿಂತ ಹೆಚ್ಚು ಆವಿಯನ್ನು ಬಿಡುವ ದೇಹವೊಂದು ಅಷ್ಟು ಕಿರಿದಾದ ಜಾಗದಲ್ಲಿ ಎಲ್ಲ ಕಿಂಡಿಗಳನ್ನೂ ಮುಚ್ಚಿಕೊಂಡು ಮಲಗಿದರೆ, ಅರ್ಧ ಗಂಟೆಯೊಳಗೇ ಅಲ್ಲಿನ ಗಾಳಿ ತುಂಬಿಹೋಗುತ್ತದೆ. ಆಮೇಲೆ ಬಿಟ್ಟ ಉಸಿರಿನ ತೇವಕ್ಕೆ ತಣ್ಣಗಿರುವ ಯಾವುದಾದರೂ ಮೈಯನ್ನು ಹುಡುಕಿಕೊಂಡು ನೀರಾಗುವುದೊಂದೇ ದಾರಿ. ಕ್ಯಾನ್ವಾಸ್ ನೂಲಿನ ಬಟ್ಟೆಯಾದ್ದರಿಂದ ಸ್ವಲ್ಪ ಆವಿಯನ್ನು ಹೊರಗೆ ಬಿಡುತ್ತದೆ ಎಂಬುದು ನಿಜ. ಆದರೆ ಹೊರಮೈ ಇಬ್ಬನಿಯಿಂದ ನೆನೆದಾಗ ನೂಲು ಉಬ್ಬಿ ನೇಯ್ಗೆಯ ಸಂದುಗಳು ಮುಚ್ಚುತ್ತವೆ, ಆಗ ಆ ದಾರಿಯೂ ಇಲ್ಲವಾಗುತ್ತದೆ.

ಇದನ್ನು ನನ್ನ ಹೆಂಡತಿಗೆ ವಿವರಿಸಹೊರಟಾಗ ಆಕೆ ಅರ್ಧಕ್ಕೇ ತಡೆದು, ಅಕ್ಕಿಯ ಉಂಡೆ ಕಡಂಬುಟ್ಟನ್ನು ಹಬೆಯಲ್ಲಿ ಬೇಯಿಸುವಾಗ ಮುಚ್ಚಳದ ಒಳಗಿನಿಂದ ನೀರು ತೊಟ್ಟಿಕ್ಕಿ ಉಂಡೆಗಳ ಮೇಲೆ ಬೀಳದಿರಲೆಂದು ಮುಚ್ಚಳಕ್ಕೆ ಬಟ್ಟೆ ಕಟ್ಟುವುದಿಲ್ಲವೇ, ಇದೂ ಅದೇ ಅಲ್ಲವೇ ಎಂದಳು. ಅದೇ. ಆ ರಾತ್ರಿ ನಾನು ಹಬೆಯ ಪಾತ್ರೆಯೊಳಗೆ ಉಂಡೆಯಾಗಿ ಕುಳಿತಿದ್ದೆ.

ಹಾಗಾದರೆ ಸೋರಿಕೆಯನ್ನೂ ಕ್ಯಾನ್ವಾಸಿನ ಒಳಮೈಯ ಈ ಬೆವರನ್ನೂ ಬೇರ್ಪಡಿಸಿ ಗುರುತಿಸುವುದು ಹೇಗೆ? ಸೋರಿಕೆ ಒಂದು ಜಾಗದಿಂದ ಶುರುವಾಗುತ್ತದೆ, ಹೊಲಿಗೆಯ ಸಾಲಿನಲ್ಲಿ, ಮೂಲೆಯಲ್ಲಿ ಅಥವಾ ಜಿಪ್ಪಿನ ತುದಿಯಲ್ಲಿ; ಅದಕ್ಕೆ ಮಳೆ ಬಂದಿರಬೇಕು. ಬೆವರು ಒಳಮೈಯೆಲ್ಲ ಸಮನಾಗಿ ಹರಡಿ, ಮುಖಕ್ಕೆ ಹತ್ತಿರವಿರುವ ಕಡೆ ಹೆಚ್ಚಾಗಿರುತ್ತದೆ. ಹೊಸ ಕ್ಯಾನ್ವಾಸಿನ ಹೊಲಿಗೆಯ ತೂತುಗಳಿಂದ ಮೊದಮೊದಲು ನೀರು ಜಿನುಗುವುದು ಸಹಜವೇ. ಅದಕ್ಕಾಗಿ ಬಳಸುವ ಮೊದಲು ಅದನ್ನು ನೀರು ಹಾಕಿ ಚೆನ್ನಾಗಿ ನೆನೆಸಿ, ಪೂರ್ತಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ಹತ್ತಿಯ ದಾರ ಉಬ್ಬಿ ಸೂಜಿಯ ತೂತುಗಳನ್ನು ತಾನೇ ತುಂಬಿಕೊಳ್ಳುತ್ತದೆ. ನಾನು ಈ ಕೆಲಸವನ್ನೂ ಮಾಡಿರಲಿಲ್ಲವೆನ್ನುವುದು ಬೇರೆ ಮಾತು.

ಎರಡನೆಯ ತಪ್ಪು ಜಾಗದ ಆಯ್ಕೆಯದು. ಗದ್ದೆಯ ಅಂಚು ಸಮತಟ್ಟಾಗಿದೆ, ಮೆತ್ತಗಿದೆ, ನೋಡಲು ಚೆಂದವಿದೆಯೆಂದು ಅಲ್ಲಿ ಹಾಸಿದೆ. ಆದರೆ ರಾತ್ರಿ ತಣಿದ ಗಾಳಿ ಭಾರವಾಗಿ ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಗದ್ದೆಯ ಬಯಲೆಲ್ಲ ಮಂಜು ಕಟ್ಟಿಕೊಂಡಿದ್ದು, ಗದ್ದೆಯ ಮೇಲಿನ ಎತ್ತರದ ನೆಲವಾದ ಬಾಣೆಯಲ್ಲಿ ಬಿಸಿಲು ಬಿದ್ದಿರುವುದನ್ನು ನಮ್ಮಲ್ಲಿ ಕಾಣದವರಾರು? ಕಂಡಿದ್ದರೂ ಅದನ್ನು ಮಲಗುವ ಜಾಗಕ್ಕೆ ಅನ್ವಯಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಈಗ ನಾನು ಗದ್ದೆಯಿಂದ ನಾಲ್ಕಾಳು ಎತ್ತರಕ್ಕೆ, ಇಳಿಜಾರಿನ ನಡುವಿನ ಮೆಟ್ಟಿಲಿನಂಥ ಜಾಗದಲ್ಲಿ, ಬೆಳಗಿನ ಬಿಸಿಲು ಮೊದಲು ಬೀಳುವ ಪೂರ್ವದ ಕಡೆಗೆ ಹಾಸುತ್ತೇನೆ. ಅಷ್ಟಕ್ಕೇ ಒದ್ದೆ ಅರ್ಧಕ್ಕಿಳಿಯಿತು. ಹೊಳೆಯ ಬದಿ, ಕೆರೆಯ ಏರಿ, ಹಸಿ ಹುಲ್ಲಿನ ನಡುವೆ ಹಾಸುವ ಆಸೆ ಹೊರಗಿನಿಂದ ಬರುವ ಗೆಳೆಯರಿಗೆ ಈಗಲೂ ಇದೆ. ಹುಲ್ಲು ಹಾಗೂ ನೆಲ ರಾತ್ರಿಯಿಡೀ ತೇವವನ್ನು ಮೇಲಕ್ಕೆ ಬಿಡುತ್ತಲೇ ಇರುತ್ತವೆಯೆಂದು ಹೇಳಿ ಅವರನ್ನು ಮೇಲಕ್ಕೆ ಕರೆತರುವುದು ನನ್ನ ಕೆಲಸ. ಇಲ್ಲೊಂದು ಮಾತನ್ನು ಸೇರಿಸಲೇಬೇಕು. ಅನುಮತಿಯಿಲ್ಲದೆ ಕಾಡಿನೊಳಗೆ ರಾತ್ರಿ ತಂಗುವಂತಿಲ್ಲ, ತೋಟಗಳಿಗೂ ಆನೆ ಬರುವ ಕಾಲವಿದು. ನಾನು ಮಲಗುವುದೆಲ್ಲ ಮನೆಯ ದೀಪ ಕಾಣುವ ದೂರದಲ್ಲೇ.

ಇನ್ನು ಆಕಾಶದ ವಿಷಯ. ಮೋಡವಿಲ್ಲದ ರಾತ್ರಿಯೇ ಹೆಚ್ಚು ಒದ್ದೆಯಾಗುವುದು ಮೊದಲಿಗೆ ವಿಚಿತ್ರವೆನಿಸುತ್ತದೆ. ಬಯಲಿಗೆ ಮುಖ ಮಾಡಿದ ಕ್ಯಾನ್ವಾಸ್ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ಕೆಲವು ಡಿಗ್ರಿ ತಣ್ಣಗಾಗುತ್ತದೆ. ಜೀಪಿನ ಮೇಲ್ಛಾವಣಿ ಇಬ್ಬನಿಯಲ್ಲಿ ತೊಯ್ದಿದ್ದು, ಅದೇ ಅಂಗಳದಲ್ಲಿ ಮಾಡಿನ ಕೆಳಗೆ ನಿಲ್ಲಿಸಿದ ಬೈಕು ಒಣಗಿರುವುದು ಇದರಿಂದಲೇ. ಹೊರಗಿನಿಂದ ಇಬ್ಬನಿ, ಒಳಗಿನಿಂದ ಉಸಿರು, ನಡುವೆ ತಣ್ಣನೆಯ ಒಂದು ಪದರ ಬಟ್ಟೆ. ಮೋಡವಿದ್ದರೆ ಅದು ಕಂಬಳಿಯಂತೆ ಆ ಶಾಖವನ್ನು ತಡೆಯುತ್ತದೆ. ಮೋಡವನ್ನು ತರಿಸಿಕೊಳ್ಳಲಾಗದ ನಾನು ಕಾಫಿ ಮುಚ್ಚುವ ಟಾರ್ಪಾಲೊಂದನ್ನು ಸ್ವ್ಯಾಗ್‌ನಿಂದ ಒಂದು ಮೀಟರ್ ಮೇಲೆ, ಎರಡು ಬದಿಗೆ ಇಳಿಜಾರಾಗುವಂತೆ ಹಗ್ಗ ಬಿಗಿದು ಕಟ್ಟಿದೆ. ನನ್ನ ಎಲ್ಲ ಪ್ರಯೋಗಗಳಲ್ಲಿ ಇದರಷ್ಟು ಫಲ ಕೊಟ್ಟದ್ದು ಮತ್ತೊಂದಿಲ್ಲ. ಬೆಳಿಗ್ಗೆ ಟಾರ್ಪಾಲಿನ ಎರಡೂ ಮೈಯಲ್ಲಿ ನೀರಿತ್ತು, ಕ್ಯಾನ್ವಾಸಿನ ಹೊರಮೈ ಒಣಗಿತ್ತು. ಅದಕ್ಕಿಂತ ದೊಡ್ಡ ಲಾಭವೆಂದರೆ, ಮೇಲೊಂದು ಮಾಡು ಇರುವುದರಿಂದ ತಲೆಯ ಕಡೆಯ ಮಡಿಕೆಯನ್ನು ಮಳೆಯಲ್ಲಿಯೂ ತೆರೆದಿಟ್ಟು ಮಲಗಬಹುದು.

ಟಾರ್ಪಾಲಿನ ಬದಲು ಮರದ ಕೆಳಗೆ ಮಲಗಿದರೆ ಆಗದೇ ಎಂದು ಕೇಳುವವರಿದ್ದಾರೆ. ಇಬ್ಬನಿಯ ರಾತ್ರಿಯಲ್ಲಿ ಹಲಸಿನ ಮರದ ದಟ್ಟ ನೆರಳು ಟಾರ್ಪಾಲಿನ ಕೆಲಸವನ್ನೇ ಮಾಡುತ್ತದೆ. ಆದರೆ ಮಂಜು ಕವಿದ ರಾತ್ರಿಯಲ್ಲಿ ಎಲೆಗಳು ಮಂಜನ್ನು ಹಿಡಿದು ಹನಿಯಾಗಿಸಿ ಕೆಳಗೆ ಸುರಿಸುತ್ತವೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಮಾತು ನಮ್ಮ ಸಿಲ್ವರ್ ಓಕ್ ಮರಗಳ ಕೆಳಗೆ ಮಳೆಯೇ ಬಾರದ ರಾತ್ರಿಯಲ್ಲೂ ಸತ್ಯ. ಒಣಗಿದ ಕೊಂಬೆ ಬೀಳುವ ಭಯವಂತೂ ಇದ್ದೇ ಇದೆ.

ತೆರೆದು ಮಲಗುವುದು ಎಂಬ ಇಷ್ಟು ಸಣ್ಣ ಮಾತನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಬಹಳ ದಿನ ಹಿಂಜರಿಯಿತು. ಚಳಿಯಾದಾಗ ಕಿಟಕಿ ಮುಚ್ಚಿ ಬೆಳೆದವರು ನಾವು. ಆದರೆ ಸ್ವ್ಯಾಗ್‌ನೊಳಗೆ ಚಳಿಯನ್ನು ತಡೆಯಬೇಕಾದದ್ದು ಹೊದಿಕೆ. ಕ್ಯಾನ್ವಾಸ್ ತಡೆಯಬೇಕಾದದ್ದು ಗಾಳಿಯ ರಭಸವನ್ನೂ ಮಳೆಯನ್ನೂ ಮಾತ್ರ. ಈಗ ನಾನು ತಲೆಯ ಕಡೆ ಬಲೆಯನ್ನಷ್ಟೇ ಮುಚ್ಚಿ, ಕ್ಯಾನ್ವಾಸಿನ ಮಡಿಕೆಯನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕಾಲಿನ ಕಡೆಯ ಕಿಂಡಿಯನ್ನೂ ಒಂದು ಗೇಣು ತೆರೆದಿಡುತ್ತೇನೆ. ಒಂದೇ ಕಡೆ ತೆರೆದರೆ ಗಾಳಿ ಬಾಗಿಲಲ್ಲೇ ನಿಂತು ಮಾತಾಡಿ ಹೋಗುವ ನೆಂಟನಂತೆ ಒಳಗೆ ಬರುವುದೇ ಇಲ್ಲ. ಎರಡು ಕಡೆ ತೆರೆದರೆ ಮಾತ್ರ ಹಾದುಹೋಗುತ್ತದೆ. ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡು, ಮೂಗು ಬಾಯಿಗಳನ್ನು ಹೊದಿಕೆಯ ಹೊರಗಿಟ್ಟು ಮಲಗುವುದು ಅಭ್ಯಾಸವಾಗಬೇಕು. ಮುಖವನ್ನು ಹೊದಿಕೆಯೊಳಗೆ ಸೇರಿಸಿಕೊಂಡರೆ ಉಸಿರೆಲ್ಲ ಹೊದಿಕೆಯ ಪಾಲಾಗುತ್ತದೆ. ಗಾಳಿಯೇ ಮಂಜಿನಿಂದ ತುಂಬಿರುವ ರಾತ್ರಿ ಎಷ್ಟು ತೆರೆದರೂ ಒಳಗೆ ಒಣಗುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ಆಗಲೂ ತೆರೆದಿಟ್ಟರೆ ನನ್ನ ಪಾಲಿನ ಕಾಲು ಲೀಟರಾದರೂ ಹೊರಗೆ ಹೋಗುತ್ತದೆ.

ಹೊದಿಕೆಯ ವಿಷಯದಲ್ಲಿ ಹಳಬರೇ ಗೆದ್ದರು. ಹತ್ತಿಯ ರಜಾಯಿ ತೇವವನ್ನು ಕುಡಿದು ತಣ್ಣಗಾಗಿ ಮೈಗೆ ಅಂಟುತ್ತದೆ. ಕುರಿ ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಾಟಿ ಮಾಡುತ್ತಿದ್ದವರಿಗೆ ಈ ಲೆಕ್ಕ ಬೇಕಿರಲಿಲ್ಲ. ನಾನು ಈಗ ಮಲಗುವ ಚೀಲದ ಮೇಲೊಂದು ಕರಿ ಕಂಬಳಿ ಹೊದೆಯುತ್ತೇನೆ; ಮೇಲಿನಿಂದ ಹನಿ ಬಿದ್ದರೂ ಕಂಬಳಿಯೇ ಅದನ್ನು ನುಂಗಿಕೊಳ್ಳುತ್ತದೆ. ಒದ್ದೆ ಕಾಲುಚೀಲ, ಶೂ, ರೇನ್‌ಕೋಟು ಯಾವುದನ್ನೂ ಒಳಗಿಡುವುದಿಲ್ಲ. ನಮ್ಮ ಮನೆಯ ನಾಯಿ ನಡುರಾತ್ರಿ ಬಂದು ಕಾಲ ಬಳಿ ಸೇರಿಕೊಂಡ ದಿನ ಬೆಳಿಗ್ಗೆ ಒಳಗಿನ ನೀರು ಎದ್ದು ಕಾಣುವಷ್ಟು ಹೆಚ್ಚಿತ್ತು, ಅವನದೂ ಒಂದು ಉಸಿರು ತಾನೇ. ಒಳಗೆ ಬೆಚ್ಚಗಾಗಲೆಂದು ಗ್ಯಾಸ್ ಒಲೆಯನ್ನೋ ಕೆಂಡದ ಅಗ್ಗಿಷ್ಟಿಕೆಯನ್ನೋ ಇಡುವ ಯೋಚನೆಯನ್ನು ಯಾರೂ ಮಾಡಬಾರದು. ಗ್ಯಾಸ್ ಉರಿದಾಗ ತನ್ನ ತೂಕಕ್ಕಿಂತ ಹೆಚ್ಚು ನೀರಾವಿಯನ್ನು ಹೊರಡಿಸುವುದರಿಂದ ಒದ್ದೆ ಹೆಚ್ಚುತ್ತದೆ. ಅದು ಸಣ್ಣ ಮಾತು. ಮುಚ್ಚಿದ ಜಾಗದಲ್ಲಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಅಡಿಯ ನೀರಿನ ಸಮಸ್ಯೆ ಎಲ್ಲಕ್ಕಿಂತ ಹಟಮಾರಿ. ಮೈಯ ತೇವ ಫೋಮಿನ ಮೂಲಕ ಕೆಳಗಿಳಿದು, ತಣ್ಣನೆಯ ನೆಲಕ್ಕೆ ತಾಗಿಕೊಂಡಿರುವ ಪಿವಿಸಿಯ ಮೇಲೆ ನೀರಾಗಿ ನಿಲ್ಲುತ್ತದೆ; ಪಿವಿಸಿ ಕೆಳಗಿನ ನೀರನ್ನು ಹೇಗೆ ಒಳಗೆ ಬಿಡುವುದಿಲ್ಲವೋ ಹಾಗೆಯೇ ಮೇಲಿನದನ್ನು ಹೊರಗೂ ಬಿಡುವುದಿಲ್ಲ. ಮೊದಲು ಕಾಫಿಯ ಗೋಣಿಚೀಲಗಳನ್ನು ಫೋಮಿನ ಅಡಿಗೆ ಹಾಸಿದೆ. ನೀರನ್ನೇನೋ ಅವು ಕುಡಿದವು, ಆದರೆ ಎರಡನೆಯ ರಾತ್ರಿಗೆ ಮುಗ್ಗಲು ವಾಸನೆ ಹೊಡೆಯತೊಡಗಿದವು. ಆಮೇಲೆ ತೆಂಗಿನ ನಾರಿನ ಒರಟು ಹಾಸನ್ನು ಪಿವಿಸಿಗೂ ಫೋಮಿಗೂ ನಡುವೆ ಹಾಕಿದೆ; ಅದರ ಸಂದುಗಳಲ್ಲಿ ಗಾಳಿ ಆಡುವುದರಿಂದ ಫೋಮಿನ ಅಡಿ ಒಣಗಿಯೇ ಉಳಿಯಿತು. ಸ್ವ್ಯಾಗ್‌ನ ಹೊರಗೆ, ನೆಲದ ಮೇಲೆ ಒಂದು ಹೊರೆ ಒಣ ಬೈಹುಲ್ಲು ಹರಡಿ ಅದರ ಮೇಲೆ ಹಾಸಿದರೆ ತಳ ಅಷ್ಟು ತಣ್ಣಗಾಗುವುದೇ ಇಲ್ಲ. ಮಡಿಸುವ ಮಂಚವಿದ್ದರೆ ಅದರ ಮೇಲೆ ಸ್ವ್ಯಾಗ್ ಇಡುವುದು ಇನ್ನೂ ಒಳ್ಳೆಯದು, ಜಿಗಣೆಗಳ ಕಾಟವೂ ತಪ್ಪುತ್ತದೆ. ಅಡಿಗೆ ಟಾರ್ಪಾಲು ಹಾಸುವವರು ಅದರ ಅಂಚನ್ನು ಸ್ವ್ಯಾಗ್‌ನ ತಳಕ್ಕಿಂತ ಒಳಗೆ ಮಡಿಸಿಕೊಳ್ಳಬೇಕು. ಹೊರಗೆ ಚಾಚಿದ್ದರೆ ಮೇಲಿನಿಂದ ಇಳಿದ ಮಳೆನೀರನ್ನೆಲ್ಲ ಅದೇ ಹಿಡಿದು ನಮ್ಮ ಬೆನ್ನಿನ ಕೆಳಗೆ ತಂದು ನಿಲ್ಲಿಸುತ್ತದೆ.

ತಿಂಗಳುಗಳ ಬಗ್ಗೆ ಹೇಳುವುದಾದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ವ್ಯಾಗ್‌ನ ಹೆಸರೆತ್ತುವಂತಿಲ್ಲ. ಡಿಸೆಂಬರ್, ಜನವರಿಗಳಲ್ಲಿ ಇಬ್ಬನಿ ಹೆಚ್ಚು. ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗಿನ ರಾತ್ರಿಗಳು ನನಗೆ ಹಿಡಿಸಿದವು, ಕಾಫಿ ಗಿಡಗಳನ್ನು ಹೂ ಬಿಡಿಸುವ ಹೂಮಳೆ ಬರುವ ಸಂಜೆಗಳನ್ನು ಬಿಟ್ಟು. ಆ ಸಂಜೆಗಳಲ್ಲಿ ತೋಟವುಳ್ಳ ಯಾವನೂ ಹಾಸಿಗೆ ನೆನೆಯಿತೆಂದು ದುಃಖಿಸುವುದಿಲ್ಲ. ಕಾವೇರಿ ಹರಿದು ಹೋಗುವ ಕುಶಾಲನಗರದ ಕಡೆ ಒಣ ಹವೆಯಿರುವುದರಿಂದ ಅದೇ ಸ್ವ್ಯಾಗ್ ಅಲ್ಲಿ ಬಹಳ ಸಾಧುವಾಗಿ ನಡೆದುಕೊಳ್ಳುತ್ತದೆ, ಭಾಗಮಂಡಲದ ಕಡೆ ಅದರ ಗುಣವೇ ಬೇರೆ.

ಇಷ್ಟೆಲ್ಲ ಮಾಡಿದರೂ ಸ್ವಲ್ಪ ತೇವ ಉಳಿದೇ ಉಳಿಯುತ್ತದೆ, ಸ್ವ್ಯಾಗ್‌ನ ಆಯಸ್ಸು ತೀರ್ಮಾನವಾಗುವುದು ಮಾರನೆಯ ಬೆಳಿಗ್ಗೆ. ಇಲ್ಲಿ ನನಗೆ ಗುರುವಾದವರು ಚಿಕ್ಕಪ್ಪ. ಆ ಮೊದಲ ಬೆಳಿಗ್ಗೆ ನಾನು ಕ್ಯಾನ್ವಾಸನ್ನು ಒರೆಸಿ, ಹತ್ತು ಗಂಟೆಯವರೆಗೆ ಬಿಸಿಲಿಗೆ ಹಾಕಿ, ಮೇಲ್ಮೈ ಒಣಗಿದ್ದನ್ನು ನೋಡಿ ಸುರುಳಿ ಸುತ್ತಿ ಕೋಣೆಯ ಮೂಲೆಗೆ ನಿಲ್ಲಿಸಿದ್ದೆ. ಎರಡು ವಾರದ ನಂತರ ಬಿಚ್ಚಿದಾಗ ಹೊಲಿಗೆಯ ಉದ್ದಕ್ಕೂ ಬೂದು ಬಣ್ಣದ ಬೂಷ್ಟಿನ ಚುಕ್ಕೆಗಳು, ಮಳೆಗಾಲದ ಬೀರುವಿನಂಥ ವಾಸನೆ. ಚಿಕ್ಕಪ್ಪ ಅದನ್ನು ನೋಡಿ, "ಮೇಲೆ ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬುತ್ತೀಯೇನೋ ನೀನು?" ಎಂದು ಕೇಳಿದರು. ಕಾಫಿ ಬೆಳೆಯುವವರಿಗೆ ಇದಕ್ಕಿಂತ ಕಟುವಾದ ಬೈಗುಳವಿಲ್ಲ. ಹಣ್ಣಿನ ತಿರುಳು ತೆಗೆದು ಒಣಗಿಸುವ ಪಾರ್ಚ್‌ಮೆಂಟ್ ಕಾಫಿಯ ತೇವಾಂಶ 10 ಪ್ರತಿಶತಕ್ಕೂ, ಇಡೀ ಹಣ್ಣಾಗಿಯೇ ಒಣಗಿಸುವ ಚೆರಿ ಕಾಫಿಯದು 11 ಪ್ರತಿಶತಕ್ಕೂ ಇಳಿಯುವವರೆಗೆ ಕಣದಲ್ಲಿ ಹರಡಿ, ದಿನಕ್ಕೆ ಹಲವು ಸಲ ಗೋರಿ ತಿರುವಿ, ಸಂಜೆ ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿ ಮುಚ್ಚಿ, ಬೆಳಿಗ್ಗೆ ಮತ್ತೆ ಹರಡುವ ಮನೆಯಲ್ಲಿ ಹುಟ್ಟಿ ಒಂದು ಬಟ್ಟೆಯನ್ನು ಒಣಗಿಸಲಾರದೆ ಹೋದೆನಲ್ಲ ಎಂದು ನಾಚಿಕೆಯಾಯಿತು.

ಅಂದಿನಿಂದ ಸ್ವ್ಯಾಗ್‌ಗೂ ಕಾಫಿಯ ನಿಯಮವೇ. ಫೋಮನ್ನು ಹೊರಗೆಳೆದು ಬದಿ ನಿಲ್ಲಿಸಿ ಬೇರೆಯಾಗಿ ಒಣಗಿಸುವುದು, ಕ್ಯಾನ್ವಾಸನ್ನು ಒಳಮೈ ಹೊರಗೆ ಮಾಡಿ ಹಗ್ಗದ ಮೇಲೆ ಹಾಕುವುದು, ಮಧ್ಯಾಹ್ನ ತಿರುವುವುದು, ಹೊಲಿಗೆ, ಜಿಪ್ಪಿನ ಪಟ್ಟಿ, ಮಡಿಚಿದ ಅಂಚುಗಳನ್ನು ಕೊನೆಗೆ ಪರೀಕ್ಷಿಸುವುದು, ಏಕೆಂದರೆ ನಾಲ್ಕು ಪದರ ಬಟ್ಟೆ ಸೇರುವ ಆ ಜಾಗಗಳು ಉಳಿದದ್ದೆಲ್ಲ ಒಣಗಿದ ಮೇಲೂ ಅರ್ಧ ದಿನ ತೇವವನ್ನು ಹಿಡಿದಿರುತ್ತವೆ. ಚಿಕ್ಕಪ್ಪನ ಪರೀಕ್ಷೆ ಸರಳವಾದದ್ದು. ಬೆರಳು ಸುಳ್ಳು ಹೇಳುತ್ತದೆ, ಕೆನ್ನೆಗೆ ಒತ್ತಿ ನೋಡು ಎನ್ನುತ್ತಾರೆ. ಉಳಿದಿರುವ ತೇವ ಆವಿಯಾಗುವಾಗ ಬಟ್ಟೆಯನ್ನು ತಣ್ಣಗಾಗಿಸುತ್ತದೆ, ಕೆನ್ನೆಯ ಚರ್ಮಕ್ಕೆ ಅದು ತಕ್ಷಣ ತಿಳಿಯುತ್ತದೆ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಪ್ರವಾಸದ ನಡುವೆ ಒದ್ದೆಯಾಗಿಯೇ ಸುತ್ತಿಕೊಳ್ಳಬೇಕಾಗಿ ಬಂದರೆ ಮಾರನೆಯ ದಿನದೊಳಗೆ ಎಲ್ಲಾದರೂ ಬಿಚ್ಚಿ ಹರಡಲೇಬೇಕು, ನಮ್ಮ ಹವೆಯಲ್ಲಿ ಬೂಷ್ಟು ಎರಡು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ.

ಹಿಡಿದ ಬೂಷ್ಟನ್ನು ತೆಗೆಯಲು ಮೊದಲು ಬಿಸಿಲಿನಲ್ಲಿ ಒಣಗಿಸಿ ಒಣ ಬ್ರಶ್ಶಿನಿಂದ ಉಜ್ಜಿದೆ. ಆಮೇಲೆ ನೀರು ಬೆರೆಸಿದ ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬರಿ ನೀರಿನಲ್ಲಿ ತೊಳೆದು, ಮತ್ತೆ ಒಣಗಿಸಿದೆ. ವಾಸನೆ ಹೋಯಿತು, ಕಲೆ ಉಳಿಯಿತು. ಸೋಪಿನ ಪುಡಿಯನ್ನೂ ಬ್ಲೀಚನ್ನೂ ಹತ್ತಿರ ತರಬಾರದು. ಸೋಪು ಬಟ್ಟೆಗೆ ಹಾಕಿರುವ ಜಲನಿರೋಧಕ ಲೇಪವನ್ನು ಕಿತ್ತುಹಾಕುತ್ತದೆ, ಬ್ಲೀಚು ನೂಲನ್ನೇ ತಿನ್ನುತ್ತದೆ. ಉಜ್ಜಿದ ಜಾಗದಲ್ಲಿ ನೀರು ಮುತ್ತಾಗಿ ನಿಲ್ಲದೆ ಹೀರಿಕೊಳ್ಳತೊಡಗಿದ್ದರಿಂದ ಕ್ಯಾನ್ವಾಸಿಗೆಂದೇ ಸಿಗುವ ಲೇಪವನ್ನು ಮತ್ತೆ ಬಳಿಯಬೇಕಾಯಿತು.

ಮಳೆಗಾಲದ ನಾಲ್ಕು ತಿಂಗಳು ಸ್ವ್ಯಾಗ್ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿರುತ್ತದೆ, ಪ್ಲಾಸ್ಟಿಕ್ ಚೀಲದಲ್ಲಲ್ಲ, ಹಳೆಯ ಪಂಚೆಯಲ್ಲಿ ಸಡಿಲವಾಗಿ ಸುತ್ತಿಕೊಂಡು. ಸ್ವಲ್ಪ ಹೊಗೆಯ ವಾಸನೆ ಹತ್ತುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಈ ವರ್ಷ ಮೇ ತಿಂಗಳ ಕೊನೆಯ ಭಾನುವಾರ ಅದನ್ನು ಕೊನೆಯ ಬಾರಿಗೆ ಕಣದಲ್ಲಿ ಹರಡಿ, ಸಂಜೆ ನಾಲ್ಕಕ್ಕೆ ಸುತ್ತಲು ಕುಳಿತಾಗ ಚಿಕ್ಕಪ್ಪ ಕೋಲೂರಿಕೊಂಡು ಬಂದು, ಬಗ್ಗಿ, ಜಿಪ್ಪಿನ ಪಟ್ಟಿಯನ್ನು ಕೆನ್ನೆಗೊತ್ತಿ, "ಇನ್ನೊಂದು ಬಿಸಿಲು ಬೇಕು" ಎಂದರು. ಪಶ್ಚಿಮದ ಕಡೆ ಮೋಡ ಕಟ್ಟುತ್ತಿತ್ತು. ಸುತ್ತಿದ್ದನ್ನು ಬಿಚ್ಚಿ ಕಾಫಿಯ ಗೋದಾಮಿನ ಹಲಗೆಯ ನೆಲದ ಮೇಲೆ ಹರಡಿದೆ. ಸೋಮವಾರದ ಬಿಸಿಲಿಗಾಗಿ ಬುಧವಾರದವರೆಗೆ ಕಾದೆವು.